ನಡೆದು ಹೋಗುವಷ್ಟು ದೂರದಲ್ಲೊಂದು ಬಾರ್

ಬೆಂಗಳೂರಿನಲ್ಲಿ ಹೊಸ ಏರಿಯಾಕ್ಕೆ ಮನೆ ಬದಲಿಸಿದವರಿಗೆ ಹಾಲಿನ ಬೂತ್, ದಿನಸಿ ಅಂಗಡಿ, ಬೆಳಗಿನ ಇಡ್ಲಿಗೊಂದು ಒಳ್ಳೆಯ ದರ್ಶಿನಿ ಎಲ್ಲವೂ ಒಂದೆರಡು ವಾರದಲ್ಲೇ ಗೊತ್ತಾಗುತ್ತವೆ. ಅಕ್ಕಪಕ್ಕದವರೇ ಕರೆದು ಹೇಳುತ್ತಾರೆ. ಆದರೆ ನೆಮ್ಮದಿಯಾಗಿ ಕೂತು ಒಂದು ಬಿಯರ್ ಕುಡಿಯೋಕೆ ಇಲ್ಲಿ ಯಾವ ಬಾರ್ ಚೆನ್ನಾಗಿದೆ ಎಂದು ಮನೆ ಓನರನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಈ ಹುಡುಕಾಟ ಅವರವರ ಪಾಲಿಗೇ ಬಿಟ್ಟಿದ್ದು. ಬಹಳ ಮಂದಿ ಹುಡುಕುವ ಗೋಜಿಗೇ ಹೋಗುವುದಿಲ್ಲ. ಮೊಬೈಲಿನಲ್ಲಿ ಸ್ಟಾರ್ ಎಣಿಸಿ ಊರಾಚೆಯ ಪಬ್‌ಗೆ ಹೊರಡುತ್ತಾರೆ. ಹೋಗುವಾಗ ಟ್ರಾಫಿಕ್, ಒಳಗೆ ಕಿವಿ ಗಡಚಿಕ್ಕುವ ಹಾಡು, ಬರುವಾಗ ಕ್ಯಾಬ್ ಸಿಗದೆ ಫುಟ್‌ಪಾತಿನಲ್ಲಿ ಕಾಯುವುದು. ಗೆಳೆಯರ ಜೊತೆ ಮಾತಾಡಿದ್ದು ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರೆ ಬೇಸರವಾಗುತ್ತದೆ.

ಕುಡಿಯದವರು ಕುಡಿಯಲಿ ಎಂದು ಈ ಲೇಖನ ಬರೆದಿಲ್ಲ. ಮದ್ಯಪಾನದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನು ತಿಳಿದೂ ಅಪರೂಪಕ್ಕೆ, ಮಿತವಾಗಿ ಕುಡಿಯುವವರಿಗೆ ಒಳ್ಳೆಯ ಜಾಗ ಆರಿಸಿಕೊಳ್ಳಲು ನೆರವಾಗಲಿ ಎಂಬುದು ಇಲ್ಲಿನ ಉದ್ದೇಶ. ಒಳ್ಳೆಯ ಏರಿಯಾ ಬಾರ್ ಎಂದರೆ ನಾಲ್ಕು ಮಾತಾಡಿ, ಹೊಟ್ಟೆಗೆ ಸರಿಯಾಗಿ ತಿಂದು, ಸಾಕೆನಿಸಿದಾಗ ಎದ್ದು ಕ್ಷೇಮವಾಗಿ ಮನೆ ಸೇರಲು ಅನುವಾಗುವ ಜಾಗ. ಕೆಳಗಿನ ಸೂಚನೆಗಳೆಲ್ಲ ಈ ಅಳತೆಗೋಲಿಗೆ ಹೊಂದಿಕೊಂಡವು.

ಮೊದಲು ದೂರ ನೋಡಿ

ಮೆನು, ಬ್ರ್ಯಾಂಡು, ಅಲಂಕಾರ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ದೂರ. ಮನೆಯಿಂದ ಹದಿನೈದು ನಿಮಿಷ ನಡೆದರೆ ಸಿಗುವ ಬಾರ್‌ಗಳ ಪಟ್ಟಿ ಮಾಡಿ. ಆ ದಾರಿಯಲ್ಲಿ ರಾತ್ರಿ ಹತ್ತೂವರೆಗೆ ಒಮ್ಮೆ ನಡೆದು ನೋಡಿ. ಬೀದಿದೀಪ ಉರಿಯುತ್ತದೆಯೇ, ಫುಟ್‌ಪಾತಿನ ಚಪ್ಪಡಿ ಸರಿಯಾಗಿದೆಯೇ, ಬೀದಿನಾಯಿಗಳ ಕಾಟ ಎಷ್ಟಿದೆ ಎಂಬುದು ಹಗಲಲ್ಲಿ ತಿಳಿಯುವುದಿಲ್ಲ.

ನಡೆದು ಹೋದರೆ ಗಾಡಿಯ ಪ್ರಶ್ನೆಯೇ ಏಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡದು ಎದುರು ಬರುವವರ ಜೀವ. ಒಂದೇ ಬಿಯರ್ ತಾನೇ ಎಂದುಕೊಂಡು ಬೈಕ್ ಏರುವವರು ಮುಂದೆ ಕೊಟ್ಟಿರುವ ಲೆಕ್ಕವನ್ನು ಒಮ್ಮೆ ಓದಬೇಕು.

ನಡೆಯುವ ದೂರದಲ್ಲಿ ಮನಸ್ಸಿಗೆ ಒಪ್ಪುವ ಬಾರ್ ಇಲ್ಲದಿದ್ದರೆ ಮೆಟ್ರೋ ಮಾರ್ಗದ ಮೇಲೆ ಹುಡುಕಿ. ಇಂದಿರಾನಗರ, ಎಂ.ಜಿ. ರಸ್ತೆ, ವಿಜಯನಗರ ನೇರಳೆ ಮಾರ್ಗದಲ್ಲಿವೆ. ಮಲ್ಲೇಶ್ವರದ ಸಂಪಿಗೆ ರಸ್ತೆ, ಜಯನಗರ, ಬನಶಂಕರಿ ಹಸಿರು ಮಾರ್ಗದಲ್ಲಿವೆ. ಕೊನೆಯ ರೈಲು ರಾತ್ರಿ 11ರ ಆಸುಪಾಸಿನಲ್ಲಿ ಹೊರಡುವುದರಿಂದ ಹತ್ತೂಕಾಲಿಗೇ ಬಿಲ್ ತರಿಸುವ ಅಭ್ಯಾಸ ಮಾಡಿಕೊಳ್ಳಬೇಕು. ಆ ಗಡುವು ಮಿತಿ ಕಾಯಲೂ ಅನುಕೂಲ.

ಬೋರ್ಡಿನ ಮೇಲಿನ ಅಕ್ಷರಗಳು

ನಮ್ಮ ರಾಜ್ಯದ ಮದ್ಯದ ಅಂಗಡಿಗಳ ಬೋರ್ಡಿನಲ್ಲಿ 'ಸಿ.ಎಲ್.' ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇರುತ್ತವೆ. ಅದು ಅಬಕಾರಿ ಲೈಸೆನ್ಸಿನ ವರ್ಗ. ಅದನ್ನು ಓದಲು ಕಲಿತರೆ ಒಳಗೆ ಏನು ಸಿಗುತ್ತದೆ ಎಂಬುದು ಹೊರಗೇ ಅರ್ಧ ಗೊತ್ತಾಗುತ್ತದೆ.

ಸಿ.ಎಲ್.-2 ಎಂದರೆ ಎಂ.ಆರ್.ಪಿ. ದರದಲ್ಲಿ ಬಾಟಲಿ ಕೊಂಡೊಯ್ಯುವ ಅಂಗಡಿ. ಅಲ್ಲಿ ಕುಡಿಯಲು ಅನುಮತಿ ಇಲ್ಲ. ಸರ್ಕಾರಿ ಸ್ವಾಮ್ಯದ ಎಂ.ಎಸ್.ಐ.ಎಲ್. ಮಳಿಗೆಗಳು ಸಿ.ಎಲ್.-11ಸಿ ವರ್ಗದವು, ಅಲ್ಲಿಯೂ ಹಾಗೆಯೇ. ಸಿ.ಎಲ್.-9 ನಾವು 'ಬಾರ್ ಅಂಡ್ ರೆಸ್ಟೋರೆಂಟ್' ಎನ್ನುವ ಜಾಗ. ಏರಿಯಾ ಬಾರ್ ಹುಡುಕುವವರು ಹೆಚ್ಚಾಗಿ ನೋಡಬೇಕಾದ್ದು ಇದನ್ನೇ. ಸಿ.ಎಲ್.-7 ರೂಮುಗಳೂ ಇರುವ ಹೋಟೆಲ್ಲಿನ ಬಾರ್. ಸಿ.ಎಲ್.-4 ಕ್ಲಬ್ಬುಗಳದು, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಶುರುವಾದ ಸೆಂಚುರಿ ಕ್ಲಬ್‌ನಂಥ ಕಡೆ ಸದಸ್ಯರಿಗೆ ಮತ್ತು ಅವರ ಅತಿಥಿಗಳಿಗೆ ಮಾತ್ರ ಪ್ರವೇಶ.

ಸಿ.ಎಲ್.-2 ಅಂಗಡಿಗೂ ಬಾರಿಗೂ ಬೆಲೆಯಲ್ಲಿ ವ್ಯತ್ಯಾಸವಿರುವುದು ಸಹಜ. ಬಾರಿನಲ್ಲಿ ಕುರ್ಚಿ, ಸೋಡಾ, ಸರ್ವಿಸ್ ಎಲ್ಲ ಸೇರಿದ ದರ. ಒಂದೇ ಬಾರಿನೊಳಗೂ ಕೆಳಗಿನ ಸಾದಾ ಹಾಲ್‌ಗೆ ಒಂದು ರೇಟು, ಮೇಲಿನ ಎ.ಸಿ. ಹಾಲ್‌ಗೆ ಇನ್ನೊಂದು ರೇಟು ಇರುತ್ತದೆ. ಕೂರುವ ಮೊದಲೇ ಕೇಳಿಬಿಡಿ. ಪ್ರವೇಶದ ವಯಸ್ಸನ್ನು ರಾಜ್ಯದ ಲೈಸೆನ್ಸ್ ನಿಯಮಗಳು 21 ಎಂದು ನಿಗದಿ ಮಾಡಿವೆ. ಚಿಕ್ಕ ವಯಸ್ಸಿನವರಂತೆ ಕಾಣುವವರ ಬಳಿ ಗುರುತಿನ ಚೀಟಿ ಇರಲಿ.

ಬಾರೋ, ಪಬ್ಬೋ, ಬ್ರೂವರಿಯೋ

ಬೆಂಗಳೂರಿನ ಕುಡಿಯುವ ಜಾಗಗಳು ಒಂದೊಂದು ಕಾಲದಲ್ಲಿ ಒಂದೊಂದು ಬಗೆಯಾಗಿ ಬೆಳೆದಿವೆ. ದಂಡು ಪ್ರದೇಶದ ಸೈನಿಕರಿಗೆ ಬಿಯರ್ ಒದಗಿಸುತ್ತಿದ್ದ ಕಾಲ ಒಂದಿತ್ತು. 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸ್ಥಾಪನೆಯಾಯಿತು, ಇವತ್ತಿನ ಯು.ಬಿ. ಸಿಟಿ ನಿಂತಿರುವುದು ಆ ಕಂಪನಿಯ ಹಳೆಯ ಬ್ರೂವರಿಯ ಜಾಗದಲ್ಲೇ. ಎಂಬತ್ತರ ದಶಕದಲ್ಲಿ ಪಬ್‌ಗಳು ಬಂದವು. ಬ್ರಿಗೇಡ್ ರಸ್ತೆಯ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ತೆರೆದ ಪೆಕೋಸ್‌ನಲ್ಲಿ ಮಗ್ ಬಿಯರ್ ಹಿಡಿದು ರಾಕ್ ಹಾಡು ಕೇಳಿದವರ ಮಕ್ಕಳು ಈಗ ಅಲ್ಲಿಗೆ ಹೋಗುವ ವಯಸ್ಸಿನವರು. 2010ರ ದಶಕದ ಆರಂಭದಲ್ಲಿ ಮೈಕ್ರೋಬ್ರೂವರಿಗಳು ಶುರುವಾದವು. ಇಂದಿರಾನಗರದ ಟಾಯ್ಟ್, ಮ್ಯಾಗ್ರಾತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಕಂಪನಿಯಂಥ ಕಡೆ ಅಲ್ಲೇ ತಯಾರಾದ ತಾಜಾ ಬಿಯರ್ ಗ್ಲಾಸಿಗೆ ಇಳಿಯುತ್ತದೆ.

ಯಾವುದು ನಿಮಗೆ ಸರಿ ಎಂಬುದು ನೀವು ಯಾಕೆ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ವಾರಕ್ಕೊಮ್ಮೆ ಇಬ್ಬರು ಮೂವರು ಕೂತು ಕಷ್ಟಸುಖ ಮಾತಾಡಲು ಹಳೆಯ ಬಾರ್ ಅಂಡ್ ರೆಸ್ಟೋರೆಂಟಿಗಿಂತ ಒಳ್ಳೆಯದು ಕಡಿಮೆ. ಬಿಯರಿನ ರುಚಿಯಲ್ಲೇ ಆಸಕ್ತಿ ಇದ್ದರೆ ಬ್ರೂವರಿಗೆ ಹೋಗಿ. ಅಲ್ಲಿ ಪೂರ್ತಿ ಗ್ಲಾಸ್ ಹೇಳುವ ಮುನ್ನ 'ಸ್ವಲ್ಪ ಟೇಸ್ಟ್ ಮಾಡೋಕೆ ಕೊಡಿ' ಎಂದು ಕೇಳಬಹುದು. ಗೋಧಿಯ ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ಘಮ ಬರುವುದು ಯೀಸ್ಟಿನಿಂದ. ಬೆಲ್ಜಿಯನ್ ವಿಟ್‌ಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿರುತ್ತಾರೆ. ಕಾಫಿ ಇಷ್ಟಪಡುವವರು ಸ್ಟೌಟ್ ರುಚಿ ನೋಡಬಹುದು. ಕುಡಿಯುವವರೂ ಕುಡಿಯದವರೂ ಒಟ್ಟಿಗೆ ಕೂರಬೇಕಾದರೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಂಥ ಜಾಗ ಹಿತ. ಅಲ್ಲಿ ಒಂದೇ ಮೇಜಿನಲ್ಲಿ ಒಬ್ಬರ ಮುಂದೆ ಕಾಫಿ, ಇನ್ನೊಬ್ಬರ ಮುಂದೆ ಬಿಯರ್ ಇದ್ದರೆ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ನಿಮ್ಮ ಏರಿಯಾದಲ್ಲಿ ಇಂಥದ್ದು ಇದೆಯೇ ಎಂದು ಹುಡುಕಿ.

ಮೊದಲ ಭೇಟಿ ವಾರದ ನಡುವೆ ಇರಲಿ

ಶನಿವಾರ ರಾತ್ರಿ ಎಲ್ಲ ಬಾರ್‌ಗಳೂ ಒಂದೇ ಥರ. ಐ.ಪಿ.ಎಲ್. ಮ್ಯಾಚಿನ ದಿನವೂ ಅಷ್ಟೇ. ಬಾರಿನ ನಿಜವಾದ ಸ್ವಭಾವ ಕಾಣುವುದು ಮಂಗಳವಾರ, ಬುಧವಾರದ ಸಂಜೆ ಏಳರ ಹೊತ್ತಿಗೆ. ಆಗ ಖಾಯಂ ಗಿರಾಕಿಗಳು ಬರುತ್ತಾರೆ, ವೇಟರ್‌ಗಳಿಗೆ ಮಾತಾಡಲು ಪುರುಸೊತ್ತು ಇರುತ್ತದೆ.

ಕೂತ ಕೂಡಲೇ ಸುತ್ತ ನೋಡಿ. ಐವತ್ತು ದಾಟಿದವರು ಒಂಟಿಯಾಗಿ ಕೂತು ಪೇಪರ್ ಓದುತ್ತಿದ್ದಾರೆಯೇ? ಪಕ್ಕದ ಮೇಜಿನ ಮಾತು ಕೂಗಾಟವಾಗದೆ ಮಾತಾಗಿಯೇ ಇದೆಯೇ? ಎದುರು ಕೂತವರ ಜೊತೆ ದನಿ ಏರಿಸದೆ ಮಾತಾಡಲು ನಿಮಗೆ ಸಾಧ್ಯವಾಗುತ್ತಿದೆಯೇ? ಟಿ.ವಿ. ಸದ್ದು ಜಾಸ್ತಿ ಅನಿಸಿದರೆ 'ಅಣ್ಣ, ಸ್ವಲ್ಪ ಕಡಿಮೆ ಮಾಡ್ತೀರಾ' ಎಂದು ಕೇಳಿ ನೋಡಿ. ಅದಕ್ಕೆ ಅವರು ಹೇಗೆ ಸ್ಪಂದಿಸುತ್ತಾರೆ ಎಂಬುದರಲ್ಲೇ ಆ ಬಾರ್ ಏನೆಂದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ವೇಟರನ್ನು ಗಮನಿಸಿ. ಗ್ಲಾಸ್ ಖಾಲಿಯಾಗುವ ಮೊದಲೇ ಬಂದು 'ಸರ್, ರಿಪೀಟ್ ಮಾಡ್ಲಾ?' ಎಂದು ಒತ್ತಾಯಿಸುವುದು ವ್ಯಾಪಾರ. ನಾನು ಹೋಗುವ ಬಾರಿನ ಹಿರಿಯ ವೇಟರ್ ಒಬ್ಬರು ಎರಡನೇ ಗ್ಲಾಸ್ ಮುಗಿಯುವ ಹೊತ್ತಿಗೆ ಮೇಜಿನ ಹತ್ತಿರ ಬಂದು ತಟ್ಟೆ ತೆಗೆಯುತ್ತಾ, 'ಊಟ ಹೇಳ್ಲಾ ಸರ್? ಬಿಸಿ ಮುದ್ದೆ ಇದೆ' ಎನ್ನುತ್ತಾರೆ. ಅವರು 'ಸಾಕು ಮಾಡಿ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವ ಪ್ರಶ್ನೆಯನ್ನು ರಿಪೀಟಿನಿಂದ ಊಟಕ್ಕೆ ತಿರುಗಿಸುತ್ತಾರೆ, ಅಷ್ಟೇ. ಕುಳಿತವರ ಮರ್ಯಾದೆಯೂ ಉಳಿಯುತ್ತದೆ, ಮಿತಿಯೂ ಉಳಿಯುತ್ತದೆ. ಇಂಥ ಒಬ್ಬರು ಸಿಕ್ಕರೆ ಆ ಬಾರನ್ನು ಬಿಡಬೇಡಿ.

ಗ್ಲಾಸು, ಅಳತೆ, ಸೀಲು

ಬಿಯರ್ ಸುರಿದ ಗ್ಲಾಸನ್ನು ಬೆಳಕಿಗೆ ಹಿಡಿಯಿರಿ. ಗುಳ್ಳೆಗಳು ತಳದಿಂದ ಎದ್ದು ಮೇಲಕ್ಕೆ ಹೋದರೆ ಗ್ಲಾಸ್ ಶುಚಿಯಾಗಿದೆ. ಒಳಮೈಗೆ ಅಲ್ಲಲ್ಲಿ ಗುಂಪಾಗಿ ಅಂಟಿಕೊಂಡು ನಿಂತರೆ ಜಿಡ್ಡೋ ಸೋಪೋ ಉಳಿದಿದೆ ಎಂದರ್ಥ. ಡ್ರಾಟ್ ಬಿಯರ್‌ನಲ್ಲಿ ಬೆಣ್ಣೆಯ ವಾಸನೆಯೋ ವಿನೆಗರ್ ಹುಳಿಯೋ ಬಂದರೆ, ಪೀಪಾಯಿಯಿಂದ ನಲ್ಲಿಗೆ ಬರುವ ಕೊಳವೆಗಳನ್ನು ಸರಿಯಾಗಿ ತೊಳೆದಿರಲಿಕ್ಕಿಲ್ಲ. ಅಲ್ಲಿ ಬಾಟಲಿ ಬಿಯರ್ ವಾಸಿ. ಬಾಟಲಿಯ ಮುಚ್ಚಳ ನಿಮ್ಮ ಮೇಜಿನ ಮುಂದೆಯೇ ತೆಗೆಯಬೇಕು.

ವಿಸ್ಕಿ, ರಮ್, ಬ್ರಾಂದಿ ಹೇಳುವವರಿಗೆ ಅಳತೆ ಮುಖ್ಯ. ಸ್ಮಾಲ್ ಎಂದರೆ 30 ಮಿ.ಲೀ., ಲಾರ್ಜ್ ಎಂದರೆ 60. ಅಳೆಯುವ ಪೆಗ್ ಮೆಷರ್ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಕೌಂಟರಿನಲ್ಲಿ ಅಳೆದು ಸುರಿಯುವುದು ನಿಮಗೆ ಕಾಣುವಂತಿದ್ದರೆ ಒಳ್ಳೆಯದು. ಹೊಸ ಜಾಗದಲ್ಲಿ ನಂಬಿಕೆ ಬರುವವರೆಗೆ ಸೀಲ್ ಇರುವ 90 ಮಿ.ಲೀ. ಪ್ಯಾಕನ್ನೋ 180 ಮಿ.ಲೀ. ಕ್ವಾರ್ಟರನ್ನೋ ಹೇಳಿ ಇಬ್ಬರು ಹಂಚಿಕೊಳ್ಳಬಹುದು. ಸೀಲಿನ ಮೇಲೆ ಅಬಕಾರಿ ಇಲಾಖೆಯ ಹಾಲೋಗ್ರಾಂ ಚೀಟಿ ಹರಿಯದೆ ಇದೆಯೇ ನೋಡಿಕೊಳ್ಳಿ. ಇದನ್ನೆಲ್ಲ ನೋಡಿದರೆ ವೇಟರ್ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಸರಿಯಾಗಿ ನಡೆಯುವ ಬಾರಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ಮೊದಲೇ ಹೇಳಿದ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಹಾಗಾಗಿ 60 ಮಿ.ಲೀ. ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ಶೇ. 5ರ ಮೈಲ್ಡ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ ಆದರೆ ಅದೇ ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ಎರಡು ಲಾರ್ಜ್ ವಿಸ್ಕಿಗೆ ಸಮ. ನಮ್ಮ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಒಂದು ಸ್ಟ್ರಾಂಗ್ ಬಾಟಲಿ ಪೂರ್ತಿ ಇಳಿಯಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಕಾಫಿ, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಆ ಹೊತ್ತನ್ನು ಕಡಿಮೆ ಮಾಡುವುದಿಲ್ಲ. 'ಸ್ಟ್ರಾಂಗಾ, ಮೈಲ್ಡಾ?' ಎಂದು ವೇಟರ್ ಕೇಳಿದಾಗ ಈ ಅಂಕಿಗಳು ನೆನಪಿರಲಿ.

ತಟ್ಟೆಗೆ ಏನು ಬರುತ್ತದೆ

ಏರಿಯಾ ಬಾರಿನ ಅಡುಗೆಮನೆಯನ್ನು ಅಳೆಯಲು ದುಬಾರಿ ಐಟಂ ಬೇಕಿಲ್ಲ. ಒಂದು ಪ್ಲೇಟ್ ಮಸಾಲೆ ಕಡಲೆಬೀಜ ಹೇಳಿ. ಹೆಚ್ಚಿಟ್ಟು ಬಹಳ ಹೊತ್ತಾದ ಈರುಳ್ಳಿ ಹಾಕಿದರೆ ಅದು ಮೆತ್ತಗಾಗಿ ಕಟುವಾಸನೆ ಬಂದಿರುತ್ತದೆ, ಬೀಜವೂ ಗರಿ ಕಳೆದುಕೊಂಡಿರುತ್ತದೆ. ಆಗತಾನೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ, ತರುವ ಮುಂಚೆ ನಿಂಬೆಹಣ್ಣು ಹಿಂಡಿದ್ದರೆ ಒಳಗೆ ಅಡುಗೆ ಮಾಡುವವರಿಗೆ ಕೆಲಸದ ಮೇಲೆ ಪ್ರೀತಿ ಇದೆ ಎಂದು ತಿಳಿಯಿರಿ. ಅಂಥ ಕಡೆ ಎಗ್ ಬುರ್ಜಿ, ಪೆಪ್ಪರ್ ಚಿಕನ್, ಬೋಟಿ ಫ್ರೈ ಧೈರ್ಯವಾಗಿ ಹೇಳಬಹುದು.

ನಗರದ ಬಾರ್‌ಗಳಲ್ಲಿ ಅಡುಗೆಯ ಗುಣ ನಡೆಸುವವರ ಊರಿನ ಮೇಲೆ ನಿಂತಿರುತ್ತದೆ. ಕರಾವಳಿಯವರು ನಡೆಸುವ ಕಡೆ ಅಂಜಲ್ ತವಾ ಫ್ರೈ, ಬಂಗುಡೆ ಪುಳಿಮುಂಚಿ. ಮಂಡ್ಯ, ಕನಕಪುರ ಕಡೆಯ ಕೈ ಇದ್ದರೆ ಮುದ್ದೆ, ನಾಟಿ ಕೋಳಿ ಸಾರು. ಆಂಧ್ರದವರಾದರೆ ಖಾರದ ಚಿಲ್ಲಿ ಚಿಕನ್. 'ಇವತ್ತು ಏನು ಚೆನ್ನಾಗಿದೆ ಅಣ್ಣ?' ಎಂದು ಕೇಳಿ ಅವರು ಹೇಳಿದ್ದನ್ನೇ ತರಿಸಿ. ಸಸ್ಯಾಹಾರಿಗಳಿಗೆ ಗೋಬಿ ಮಂಚೂರಿ ಒಂದೇ ಗತಿ ಎನ್ನುವ ಜಾಗ ಬೇಸರ ತರಿಸುತ್ತದೆ. ಹೆಸರುಕಾಳಿನ ಉಸಲಿ, ಬೇಯಿಸಿದ ಕಡಲೆಕಾಯಿ, ಬೇಬಿಕಾರ್ನ್ ಇರುವ ಕಡೆ ಹುಡುಕಿ. ಖಾಲಿ ಹೊಟ್ಟೆಯಲ್ಲಿ ಕುಡಿಯಲು ಶುರು ಮಾಡಬಾರದು. ಮೊದಲ ಗ್ಲಾಸಿಗೆ ಮುಂಚೆ ಏನಾದರೂ ತಿಂದಿರಬೇಕು, ಪ್ರತಿ ಗ್ಲಾಸಿನ ನಡುವೆ ಒಂದು ಲೋಟ ನೀರು ಕುಡಿಯಬೇಕು.

ಹೆಣ್ಣುಮಕ್ಕಳು ನೆಮ್ಮದಿಯಾಗಿ ಕೂರಬಹುದೇ?

ಹಳೆಯ ಬಡಾವಣೆಗಳ ಬಹಳಷ್ಟು ಬಾರ್‌ಗಳಲ್ಲಿ ಹೆಂಗಸರು ಕಾಣುವುದು ಕಡಿಮೆ. 'ಫ್ಯಾಮಿಲಿ ರೂಮ್' ಎಂಬ ಬೋರ್ಡ್ ಹಾಕಿ ಹಿಂಬದಿಯ ಮಂಕು ಕೋಣೆಗೆ ಕಳಿಸುವುದನ್ನು ಸೌಲಭ್ಯ ಎನ್ನಲಾಗದು. ಹಾಲಿನ ಮಧ್ಯೆಯೇ ಕೂತ ಹೆಣ್ಣುಮಕ್ಕಳನ್ನು ಯಾರೂ ತಿರುತಿರುಗಿ ನೋಡದ, ವೇಟರ್ ಅವರ ಆರ್ಡರನ್ನು ಪಕ್ಕದ ಗಂಡಸಿನ ಮುಖ ನೋಡದೆ ನೇರವಾಗಿ ಅವರಿಂದಲೇ ತೆಗೆದುಕೊಳ್ಳುವ ಬಾರ್ ಒಳ್ಳೆಯ ಬಾರ್.

ಹೋದ ಕೂಡಲೇ ಶೌಚಾಲಯ ನೋಡಿ. ಹೆಂಗಸರಿಗೆ ಬೇರೆಯೇ ಇದೆಯೇ, ಚಿಲಕ ಸರಿಯಾಗಿದೆಯೇ, ದೀಪ, ನೀರು ಇವೆಯೇ? ಇಷ್ಟಿಲ್ಲದ ಜಾಗದಲ್ಲಿ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಮತ್ತೆ ಹೋಗಬೇಕಿಲ್ಲ. ಮೊದಲ ಸಲ ಗೆಳತಿಯರ ಜೊತೆ ಸಂಜೆ ಬೇಗ ಹೋಗಿ, ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ. ಈ ಮಾತು ಗಂಡಸರಿಗೂ ಅನ್ವಯಿಸುತ್ತದೆ. ಇಂಥ ಬಾರ್‌ಗಳು ಹೆಚ್ಚಬೇಕಾದರೆ ಗಿರಾಕಿಗಳೂ ಬಾಯಿಬಿಟ್ಟು ಕೇಳಬೇಕು. ಶೌಚಾಲಯ ಸರಿಪಡಿಸಿ ಎಂದು ಮ್ಯಾನೇಜರಿಗೆ ಖಾಯಂ ಗಿರಾಕಿಯೊಬ್ಬರು ಹೇಳಿದರೆ ಅದಕ್ಕೆ ತೂಕವಿರುತ್ತದೆ.

ಬಿಲ್ ಓದುವುದು

ಬಿಲ್ ಬಂದಾಗ ಮೂರು ಸಂಗತಿ ನೋಡಿ. ಮದ್ಯ ಜಿ.ಎಸ್.ಟಿ. ವ್ಯಾಪ್ತಿಗೆ ಬರುವುದಿಲ್ಲ, ಹಾಗಾಗಿ ಜಿ.ಎಸ್.ಟಿ. ಊಟ ತಿಂಡಿಯ ಮೊತ್ತಕ್ಕೆ ಮಾತ್ರ ಬಿದ್ದಿದೆಯೇ ಎಂದು ಪರಿಶೀಲಿಸಿ. ಎರಡನೆಯದು ಸರ್ವಿಸ್ ಚಾರ್ಜ್. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಂತೆ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಇದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ವಿನಯವಾಗಿ ಹೇಳಿ; ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮೂರನೆಯದು ಎಣಿಕೆ. ಎಷ್ಟು ಗ್ಲಾಸ್ ಬಂತು, ಎಷ್ಟು ಸೋಡಾ ಬಂತು ಎಂಬುದು ನಿಮಗೆ ನೆನಪಿಲ್ಲದಿದ್ದರೆ ಅವತ್ತು ಮಿತಿ ಮೀರಿದೆ ಎಂದೇ ಲೆಕ್ಕ.

ಅಕ್ಟೋಬರ್ 2ರ ಗಾಂಧಿ ಜಯಂತಿಯಂದು ಮತ್ತು ಚುನಾವಣೆಯ ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಬಾರ್‌ಗಳು ಮುಚ್ಚಿರುತ್ತವೆ. ಗೆಳೆಯರನ್ನು ಕರೆಯುವ ಮುನ್ನ ಕ್ಯಾಲೆಂಡರ್ ನೋಡಿಕೊಳ್ಳಿ.

ಖಾಯಂ ಗಿರಾಕಿಯಾಗುವುದು

ಬಾರ್ ಒಂದು ನಿಮ್ಮದಾಗಬೇಕಾದರೆ ನೀವೂ ಆ ಜಾಗಕ್ಕೆ ತಕ್ಕವರಾಗಬೇಕು. ವೇಟರನ್ನು ಹೆಸರು ಹಿಡಿದೋ ಅಣ್ಣ ಎಂದೋ ಕರೆಯಿರಿ, ಚಿಟಿಕೆ ಹೊಡೆದು ಕರೆಯಬೇಡಿ. 'ಲಾಸ್ಟ್ ಆರ್ಡರ್ ಸರ್' ಎಂದ ಮೇಲೆ ಇನ್ನೊಂದಕ್ಕೆ ಪೀಡಿಸಬೇಡಿ. ಮೇಜು ಒರೆಸಿ, ಕುರ್ಚಿ ಎತ್ತಿಟ್ಟು ಅವರೂ ಮನೆ ಸೇರಬೇಕು. ಟಿಪ್ಸನ್ನು ನಗದಾಗಿ, ಬಡಿಸಿದವರ ಕೈಗೇ ಕೊಡಿ. ಹೊರಗೆ ಬಂದ ಮೇಲೆ ಮನೆಗಳ ಮುಂದೆ ನಿಂತು ಜೋರಾಗಿ ಮಾತಾಡಬೇಡಿ. ಏರಿಯಾ ಬಾರ್‌ಗಳ ಮೇಲೆ ಅಕ್ಕಪಕ್ಕದವರು ದೂರು ಕೊಡುವುದು ಒಳಗೆ ನಡೆಯುವುದಕ್ಕಿಂತ ಹೊರಗಿನ ಗಲಾಟೆಗೇ ಹೆಚ್ಚು.

ಮೊದಲು ವಾರಕ್ಕೊಮ್ಮೆ ಇದ್ದದ್ದು ದಿನಾ ಆಗುತ್ತಿದೆ, ಹೋಗದ ಸಂಜೆ ಕೈ ನಡುಗುತ್ತಿದೆ, ಮನೆಯಲ್ಲಿ ಸುಳ್ಳು ಹೇಳಬೇಕಾಗುತ್ತಿದೆ ಅನಿಸಿದರೆ ಅದು ಬಾರಿನ ವಿಷಯವಾಗಿ ಉಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗೆಳೆಯನೊಬ್ಬ ಆ ದಾರಿ ಹಿಡಿದಿದ್ದು ಕಂಡರೆ ಅವನ ಜೊತೆ ಬಾರಿಗೆ ಹೋಗುವುದನ್ನು ನಿಲ್ಲಿಸಿ, ಆಸ್ಪತ್ರೆಗೆ ಜೊತೆಗೆ ಹೋಗಿ. ಕುಡಿಯುವ ಮೇಜಿನಲ್ಲಿ ಬೆಳೆದ ಸ್ನೇಹಕ್ಕೆ ಆ ಹೊಣೆಯೂ ಇದೆ.

ಮನಸ್ಸಿಗೆ ಹಿಡಿಸುವ ಬಾರ್ ಒಂದೇ ಸಲಕ್ಕೆ ಸಿಗುವುದಿಲ್ಲ. ಪಟ್ಟಿಯಲ್ಲಿರುವ ಒಂದೊಂದಕ್ಕೂ ಎರಡು ಸಲ ಹೋಗಿ ನೋಡಿ, ಅವಸರ ಬೇಡ. ಶುರು ಮಾಡಲು ಬರುವ ಮಂಗಳವಾರದ ಸಂಜೆ ಸಾಕು. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿರಿ, ಮಾತಿಗೆ ಸಿಗುವ ಗೆಳೆಯನಿಗೆ ಫೋನ್ ಮಾಡಿ, ಗಾಡಿ ಕೀ ಮನೆಯಲ್ಲೇ ಬಿಟ್ಟು ನಡೆದು ಹೊರಡಿ.